ಮಣಿಸರ, ವಂಕಿ, ಆಪ್ರೇಸನ್ನು...

ಕಳೆದ ತಿಂಗಳು ಊರಿಗೆ ಹೋಗಿದ್ದೆ. ನಮ್ಮೂರು ಕೆರಗೋಡು. ಮಂಡ್ಯದಿಂದ ಹದಿನೈದು ಕಿಲೋಮೀಟರು ಅಂದ್ಕೊಳ್ಳಿ. ಮಗಳಿಗೆ ಆಗಷ್ಟೇ ವರ್ಷ ತುಂಬಿತ್ತು. ಜಗಲಿ ಮೇಲೆ ಕೂತು ಕಾಫಿ ಕುಡೀತಾ ಇದ್ದಾಗ ಅವ್ವ ಶುರು ಮಾಡಿದ್ಲು.

"ಮಗೀಗೆ ವರ್ಸ ಆಯ್ತಲ್ಲಾ ಕಣ್ಲಾ. ಇನ್ನೊಂದ ಬಿರ್ನೆ ಮಾಡ್ಕಂಡು ಅವ್ಳಿಗೆ ಆಪ್ರೇಸನ್ ಮಾಡುಸ್ಬುಡು. ಒಂದೇ ಸಲಕ್ಕೆ ಮುಗುದೋಯ್ತದೆ."

ಒಳಗೆ ಮಗುವಿಗೆ ರಾಗಿಸರಿ ತಿನ್ನಿಸ್ತಾ ಇದ್ದ ನನ್ನ ಹೆಂಡತಿಗೆ ಇದು ಕೇಳಿಸಿತ್ತು. ಆಗ ಏನೂ ಅನ್ನಲಿಲ್ಲ. ರಾತ್ರಿ ಮಗು ಮಲಗಿದ ಮೇಲೆ ಮೆಲ್ಲಗೆ ಕೇಳಿದಳು, "ರೀ, ನಿಮ್ಮೂರಲ್ಲಿ ಇದಕ್ಕೆ ಬೇರೆ ದಾರಿನೇ ಇಲ್ವಾ?"

ಅವಳ ಪ್ರಶ್ನೆಗೆ ಕಾರಣ ಇತ್ತು. ಅವಳಿಗೆ ಇನ್ನೊಂದು ಮಗು ಬೇಕು, ಆದರೆ ಈಗಲ್ಲ. ಕೆಲಸಕ್ಕೆ ವಾಪಸ್ ಹೋಗಬೇಕು, ಮೂರು ನಾಲ್ಕು ವರ್ಷ ಬಿಡುವು ಬೇಕು. ಅವ್ವನ ಲೆಕ್ಕದಲ್ಲಿ ಆ ಬಿಡುವಿಗೆ ಜಾಗವೇ ಇಲ್ಲ. ಬೇಗ ಎರಡು, ಆಮೇಲೆ ಆಪರೇಷನ್. ನನ್ನ ತಂಗಿಗೂ ಹಾಗೇ ಆಗಿದ್ದು. ನನಗಿಂತ ಮೂರು ವರ್ಷ ಚಿಕ್ಕವಳು, ಇಪ್ಪತ್ಮೂರಕ್ಕೆ ಎರಡನೇ ಹೆರಿಗೆ, ಅದರ ಹಿಂದೆಯೇ ಆಪರೇಷನ್. ನಮ್ಮ ಕಡೆ "ಆಪರೇಷನ್" ಅಂದರೆ ಯಾವ ಆಪರೇಷನ್ ಅಂತ ಯಾರೂ ಕೇಳಲ್ಲ, ಎಲ್ಲರಿಗೂ ಗೊತ್ತು.

ಬೆಂಗಳೂರಿಗೆ ಬಂದ ಮೇಲೆ ಈ ಬಗ್ಗೆ ಓದೋಕೆ ಶುರು ಮಾಡಿದೆ. ನನಗೆ ಬೇಕಿದ್ದಿದ್ದು ಯಾವ ವಿಧಾನ ಒಳ್ಳೇದು ಅನ್ನೋದಷ್ಟೇ. ಹುಡುಕ್ತಾ ಹುಡುಕ್ತಾ ಸಿಕ್ಕಿದ್ದು ಮಾತ್ರ ನಮ್ಮ ಮೈಸೂರು ಸೀಮೆಯದೇ ಒಂದು ಕತೆ. ಅರ್ಧ ನನಗೆ ಗೊತ್ತೇ ಇರಲಿಲ್ಲ. ನಿಮಗೂ ಗೊತ್ತಿರಲಿಕ್ಕಿಲ್ಲ ಅಂದ್ಕೊಂಡು ಬರೀತಿದೀನಿ. ಸ್ವಲ್ಪ ಉದ್ದ ಆಗತ್ತೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ :)

1930, ಮೈಸೂರು ಸಂಸ್ಥಾನ

1930ರ ಜೂನ್ ತಿಂಗಳಲ್ಲಿ ಮೈಸೂರು ಸರ್ಕಾರ ಒಂದು ಆದೇಶ ಹೊರಡಿಸಿತು. ಸಂಸ್ಥಾನದ ನಾಲ್ಕು ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಬೇಕು, ಕೇಳಿಕೊಂಡು ಬಂದವರಿಗೆ ವಿಧಾನ ಹೇಳಿಕೊಡಬೇಕು ಅಂತ. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರಾಗಿದ್ದ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ ಅದು. ಒಂದು ಸರ್ಕಾರವೇ ಮುಂದೆ ನಿಂತು ಇಂಥ ಕ್ಲಿನಿಕ್ ನಡೆಸಿದ್ದು ಭಾರತದಲ್ಲಂತೂ ಇದೇ ಮೊದಲು. ಜಗತ್ತಿನಲ್ಲೇ ಮೊದಲು ಅಂತ ಬರೆದವರೂ ಇದ್ದಾರೆ.

ಇದು ಎಷ್ಟು ದೊಡ್ಡ ಮಾತು ಅಂತ ತಿಳೀಬೇಕಾದರೆ ಆಗ ಬೇರೆ ಕಡೆ ಏನಾಗ್ತಿತ್ತು ಅಂತ ನೋಡಬೇಕು. ಅಮೆರಿಕದಲ್ಲಿ ಮಾರ್ಗರೆಟ್ ಸ್ಯಾಂಗರ್ 1916ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕ್ಲಿನಿಕ್ ತೆರೆದು ಜೈಲಿಗೆ ಹೋಗಿದ್ದರು. ಅಲ್ಲಿನ ಕಾನೂನಿನ ಪ್ರಕಾರ ಈ ಸಾಧನಗಳನ್ನ ಅಂಚೆಯಲ್ಲಿ ಕಳಿಸೋದೇ ಅಪರಾಧ. ಆ ಹಿಡಿತ ಸಡಿಲವಾಗೋಕೆ 1936ರ ಕೋರ್ಟ್ ತೀರ್ಪು ಬರಬೇಕಾಯ್ತು. ಇಂಗ್ಲೆಂಡಿನಲ್ಲಿ ಮೇರಿ ಸ್ಟೋಪ್ಸ್ 1921ರಲ್ಲೇ ಕ್ಲಿನಿಕ್ ತೆರೆದಿದ್ದರೂ ಅದು ಖಾಸಗಿ. ಸರ್ಕಾರಿ ತಾಯಿ-ಮಕ್ಕಳ ಕೇಂದ್ರಗಳಲ್ಲಿ ಈ ಸಲಹೆ ಕೊಡಬಹುದು ಅಂತ ಅಲ್ಲಿನ ಆರೋಗ್ಯ ಇಲಾಖೆ ಒಪ್ಪಿದ್ದು 1930ರ ಜುಲೈನಲ್ಲಿ, ಅದೂ ಕಾಯಿಲೆಯ ಕಾರಣ ಇದ್ದರೆ ಮಾತ್ರ. ಅಂದರೆ ನಮ್ಮನ್ನ ಆಳುತ್ತಿದ್ದವರಿಗಿಂತ ಒಂದು ತಿಂಗಳು ಮುಂಚೆ ಮೈಸೂರು ಹೆಜ್ಜೆ ಇಟ್ಟಿತ್ತು!

ಬೊಂಬಾಯಿಯಲ್ಲಿ ರಘುನಾಥ ಧೋಂಡೋ ಕರ್ವೆ ಅನ್ನೋ ಗಣಿತದ ಮೇಷ್ಟ್ರು 1921ರಲ್ಲೇ ಈ ಕೆಲಸ ಶುರು ಮಾಡಿದ್ದರು. ಆದರೆ ಅವರಿಗೆ ಕಾಲೇಜಿನ ಕೆಲಸ ಹೋಯ್ತು, ಅವರು ತರುತ್ತಿದ್ದ 'ಸಮಾಜ ಸ್ವಾಸ್ಥ್ಯ' ಪತ್ರಿಕೆಯ ಮೇಲೆ ಅಶ್ಲೀಲದ ಕೇಸು ಬಿತ್ತು. ಅಲ್ಲಿ ಒಬ್ಬ ಮನುಷ್ಯ ಸೋತು ಸುಣ್ಣವಾದ ಕೆಲಸವನ್ನ ಇಲ್ಲಿ ಸರ್ಕಾರ ಆದೇಶ ಬರೆದು ಮಾಡಿತು.

ಒಂದು ವಿಷಯ ಗಮನಿಸಿ. ಆಗ ಮೈಸೂರಿನಲ್ಲಿ ಜನ ತುಂಬಿ ತುಳುಕುತ್ತಿರಲಿಲ್ಲ. 1911ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 58 ಲಕ್ಷ, 1921ರಲ್ಲಿ ಸುಮಾರು 60 ಲಕ್ಷ. 1918ರ ಇನ್‌ಫ್ಲುಯೆಂಜಾ ಅಷ್ಟು ಜನರನ್ನ ಹೊತ್ಕೊಂಡು ಹೋಗಿತ್ತು. 1931ರ ಹೊತ್ತಿಗೆ 65 ಲಕ್ಷ ದಾಟಿತು. ಹೆರಿಗೆಯಲ್ಲಿ ಸಾಯೋ ತಾಯಂದಿರು, ಹುಟ್ಟಿ ವರ್ಷ ತುಂಬೋದರೊಳಗೆ ಹೋಗೋ ಕೂಸುಗಳು ಮಾತ್ರ ಮನೆಮನೆಯ ಕತೆ. ನಮ್ಮ ಮುತ್ತಜ್ಜಿ ಹೆತ್ತಿದ್ದು ಹನ್ನೊಂದು, ಉಳಿದಿದ್ದು ಆರು.

ಆದರೆ ಕೆರಗೋಡಿಗೆ ಏನು ಬಂತು?

ಏನೂ ಬರಲಿಲ್ಲ. ಕ್ಲಿನಿಕ್ ಇದ್ದಿದ್ದು ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ. ಮಂಡ್ಯದ ಮೇಲೆ ರೈಲು ಓಡ್ತಿತ್ತು ನಿಜ. ಆದರೆ ಸೊಸೆಯೊಬ್ಬಳು ಅತ್ತೆಗೆ ಏನಂತ ಹೇಳಿ ಆ ರೈಲು ಹತ್ತಬೇಕಿತ್ತು?

ಹತ್ತಿ ಹೋದಳು ಅಂತಲೇ ಇಟ್ಕೊಳ್ಳಿ. ಆ ಕಾಲದ ಕ್ಲಿನಿಕ್‌ಗಳಲ್ಲಿ ಹೆಚ್ಚಾಗಿ ಹೇಳಿಕೊಡ್ತಿದ್ದಿದ್ದು ಡಯಾಫ್ರಂ, ಅಂದರೆ ರಬ್ಬರಿನ ಚಿಕ್ಕ ಟೊಪ್ಪಿಗೆ ಥರದ್ದು. ಡಾಕ್ಟರು ಅಳತೆ ನೋಡಿ ಕೊಡಬೇಕು, ಜೊತೆಗೆ ಜೆಲ್ಲಿ ಕೊಳ್ಳಬೇಕು. ಹೆಂಗಸು ಪ್ರತಿ ಸಲ ತಾನೇ ಹಾಕಿಕೊಳ್ಳಬೇಕು, ತೆಗೆದು ತೊಳೆದು ಯಾರ ಕಣ್ಣಿಗೂ ಬೀಳದಂಗೆ ಇಡಬೇಕು. ನಮ್ಮ ಹಳೇ ತೊಟ್ಟಿಮನೆಯಲ್ಲಿ ಹದಿನೇಳು ಜನ ಇದ್ದರಂತೆ, ಬಾಗಿಲು ಹಾಕ್ಕೊಳ್ಳೋ ಕೋಣೆ ಒಂದೇ, ಅದೂ ಪಡಸಾಲೆಗೆ ಅಂಟಿಕೊಂಡಿದ್ದು. ಬಚ್ಚಲು ಹಿತ್ತಿಲಲ್ಲಿ. ಇಂಥ ಮನೆಯಲ್ಲಿ ಡಯಾಫ್ರಂ ನಡೆಯುತ್ತಾ? ಯಾರಿಗೆ ಸ್ವಂತ ಕೋಣೆ, ಸ್ವಂತ ನೀರು, ಸ್ವಂತ ದುಡ್ಡು ಇತ್ತೋ ಅವರಿಗೆ ಮಾತ್ರ ಅದು ಆಯ್ಕೆ ಆಗಿತ್ತು.

ಇತ್ತ ನಮ್ಮ ಸೀಮೆಯೂ ಬದಲಾಗ್ತಿತ್ತು. ಕನ್ನಂಬಾಡಿ ಕಟ್ಟೆ ಮುಗೀತು, ಇರ್ವಿನ್ ನಾಲೆಯಲ್ಲಿ ನೀರು ಬಂತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯ್ತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆ ಆಯ್ತು. ರಾಗಿ ಹೊಲ ಕಬ್ಬಿನ ಗದ್ದೆ ಆಯ್ತು. ಗದ್ದೆಗೆ ಆಳು ಬೇಕು, ಮನೆ ತುಂಬಾ ಮಕ್ಕಳಿದ್ದರೆ ಒಳ್ಳೇದೇ. ಬೇಡ ಅನ್ನೋಕೆ ಗಂಡಸರಿಗೆ ಕಾರಣವೇ ಇರಲಿಲ್ಲ.

ರಾಮನಗರದ ಮಣಿಸರ

ಈಗ ಈ ಕತೆಯಲ್ಲಿ ನನಗೆ ಅತಿ ಇಷ್ಟವಾದ ಭಾಗಕ್ಕೆ ಬರೋಣ. ಸ್ವಾತಂತ್ರ್ಯ ಬಂದಾಗ ದೇಶದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್. ಗಾಂಧೀಜಿಯ ಶಿಷ್ಯೆ. ಗಾಂಧೀಜಿಗೆ ಈ ಕೃತಕ ಸಾಧನಗಳು ಸುತರಾಂ ಒಪ್ಪಿಗೆ ಇರಲಿಲ್ಲ. 1935ರ ಡಿಸೆಂಬರಿನಲ್ಲಿ ಸ್ಯಾಂಗರ್ ವಾರ್ಧಾಕ್ಕೇ ಬಂದು ವಾದ ಮಾಡಿದರೂ ಅವರು ಜಗ್ಗಲಿಲ್ಲ. ಸಂಯಮ ಒಂದೇ ದಾರಿ ಅನ್ನೋದು ಅವರ ಪಟ್ಟು. ತಿಂಗಳ "ಸುರಕ್ಷಿತ ದಿನ"ಗಳ ಲೆಕ್ಕದ ಬಗ್ಗೆ ಮಾತ್ರ ಅಷ್ಟು ವಿರೋಧ ಇರಲಿಲ್ಲ.

ಅಮೃತ್ ಕೌರ್ ನಿಲುವೂ ಅದೇ. 1951ರಲ್ಲಿ ಅವರು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿದರು, ಆದರೆ ಈ ಸುರಕ್ಷಿತ ದಿನದ ವಿಧಾನಕ್ಕೆ ಮಾತ್ರ. ಅಮೆರಿಕದಿಂದ ಡಾ. ಅಬ್ರಹಾಂ ಸ್ಟೋನ್ ಬಂದರು. ಪ್ರಯೋಗಕ್ಕೆ ಎರಡು ಜಾಗ ಆರಿಸಿದರು. ಪಟ್ಟಣಕ್ಕೆ ದೆಹಲಿಯ ಲೋಧಿ ಕಾಲೋನಿ, ಹಳ್ಳಿಗೆ ನಮ್ಮ ರಾಮನಗರ! ಹೌದು, 'ಶೋಲೆ' ರಾಮನಗರವೇ. ಆಗಿನ್ನೂ ಗಬ್ಬರ್ ಬಂದಿರಲಿಲ್ಲ :) ಕ್ಲೋಸ್‌ಪೇಟೆ ಅಂತ ಕರೀತಿದ್ದ ಕಾಲದಲ್ಲೇ, 1930ರ ದಶಕದಲ್ಲಿ, ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಅಲ್ಲೊಂದು ಗ್ರಾಮೀಣ ಆರೋಗ್ಯ ಘಟಕ ಶುರುವಾಗಿತ್ತು.

ವಿಧಾನದ ಹಿಂದಿನ ಲೆಕ್ಕ ಸುಲಭ. ಜಪಾನಿನ ಓಗಿನೋ, ಆಸ್ಟ್ರಿಯಾದ ಕ್ನೌಸ್ ಅನ್ನೋ ಇಬ್ಬರು ವೈದ್ಯರು 1920ರ ದಶಕದಲ್ಲಿ ಬೇರೆಬೇರೆಯಾಗಿ ಕಂಡುಕೊಂಡಿದ್ದು ಇದು. ಅಂಡಾಣು ಬಿಡುಗಡೆಯಾಗೋದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ. ಆ ಆಸುಪಾಸಿನ ದಿನಗಳಲ್ಲಿ ದೂರ ಇದ್ದರೆ ಬಸಿರಾಗೋ ಸಾಧ್ಯತೆ ಕಡಿಮೆ. ಓದು ಬರಹ ಬಾರದ ಹೆಂಗಸರಿಗೆ ದಿನ ಎಣಿಸೋದು ಹೆಂಗೆ? ಅದಕ್ಕೇ ಬಣ್ಣದ ಮಣಿಗಳ ಸರ. ದಿನಕ್ಕೊಂದು ಮಣಿ ಸರಿಸೋದು. ಹಸಿರು ಬಂದರೆ ಭಯ ಇಲ್ಲ, ಕೆಂಪು ಬಂದರೆ ದೂರ.

ಈ ಮಣಿಸರದ ಬಗ್ಗೆ ಆಮೇಲೆ ಎಷ್ಟೋ ನಗೆಕತೆಗಳು ಹುಟ್ಟಿಕೊಂಡವು. ಕತ್ತಲಲ್ಲಿ ಬಣ್ಣ ಕಾಣಲಿಲ್ಲವಂತೆ, ಮಣಿ ಹಿಂದೆ ಸರಿದು ಲೆಕ್ಕ ತಪ್ಪಿತಂತೆ, ಸರ ಹಾಕ್ಕೊಂಡರೆ ಸಾಕು ಮಕ್ಕಳಾಗಲ್ಲ ಅಂತ ಕೆಲವರು ನಂಬಿದರಂತೆ, ನಾವೇನು ಹಸುಗಳಾ ಕೊರಳಿಗೆ ಕಟ್ಟೋಕೆ ಅಂದರಂತೆ. ಯಾವುದು ನಡೆದಿದ್ದು, ಯಾವುದು ಪೇಟೆಯವರು ಸೇರಿಸಿದ್ದು, ದೇವರೇ ಬಲ್ಲ. ಮೊದಲ ಸಲ ಓದಿದಾಗ ನಾನೂ ನಕ್ಕೆ. ಆಮೇಲೆ ಯೋಚನೆ ಬಂತು. ಮಕ್ಕಳಿಗೆ ಮೊಲೆ ಕೊಡ್ತಾ ಇರೋ ಹೆಂಗಸಿಗೆ ಎಷ್ಟೋ ತಿಂಗಳು ಮುಟ್ಟೇ ಆಗಲ್ಲ. ಬಸಿರು, ಬಾಣಂತನ, ಮತ್ತೆ ಬಸಿರು ಅಂತ ಹತ್ತಿಪ್ಪತ್ತು ವರ್ಷ ಕಳೆಯೋಳಿಗೆ ತಿಂಗಳ ಲೆಕ್ಕ ಎಲ್ಲಿಂದ ಹಿಡಿಯೋದು? ಇನ್ನೊಂದು, ಕೆಂಪು ಮಣಿ ಬಂದ ದಿನ ಗಂಡ ಒಪ್ಪಬೇಕಲ್ಲ? ಮಣಿ ಅವಳ ಕೊರಳಲ್ಲಿ, ತೀರ್ಮಾನ ಅವನ ಕೈಯಲ್ಲಿ. ತಪ್ಪು ಎಣಿಕೆಯದ್ದಲ್ಲ. ಕೊನೆತನಕ ಸರಿಯಾಗಿ ಪಾಲಿಸಿದವರು ಬಹಳ ಕಡಿಮೆ, ಪ್ರಯೋಗ ಅಲ್ಲಿಗೇ ನಿಂತಿತು.

ಅದೇ ಹೊತ್ತಿಗೆ, 1951-52ರಲ್ಲಿ, ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ 'ಮೈಸೂರು ಜನಸಂಖ್ಯಾ ಅಧ್ಯಯನ' ಅಂತ ಮಾಡಿದವು. ವರದಿ ಪುಸ್ತಕವಾಗಿ ಬಂದಿದ್ದು 1961ರಲ್ಲಿ. ಬೆಂಗಳೂರು ನಗರದ ಜೊತೆಗೆ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಕೇಳಿದ್ದರು. ಮಕ್ಕಳು ದೇವರು ಕೊಟ್ಟಿದ್ದು ಅಂತ ಹಳ್ಳಿ ಜನ ಕೈಕಟ್ಟಿ ಕೂತಿರ್ತಾರೆ ಅನ್ನೋದು ಪೇಟೆಯವರ ನಂಬಿಕೆ. ಕೇಳಿದಾಗ ಮಾತ್ರ, ಇಷ್ಟು ಸಾಕು, ದಾರಿ ಇದ್ದರೆ ತಿಳ್ಕೋಬೇಕು ಅಂದವರು ಬಹಳ ಜನ ಇದ್ದರು. ಬೇಕು ಅನ್ನೋರು ಇದ್ದರು. ಕೊಟ್ಟಿದ್ದು ಮಾತ್ರ ದೆಹಲಿಯಲ್ಲಿ ಕೂತ ಮಂತ್ರಿಯ ಮನಸ್ಸಿಗೆ ಒಪ್ಪುವಂಥದ್ದು.

ದರ್ಶಿನಿಯ ಬೋರ್ಡು

1952ರಲ್ಲಿ ಭಾರತ ಕುಟುಂಬ ಯೋಜನೆಯನ್ನ ರಾಷ್ಟ್ರೀಯ ಕಾರ್ಯಕ್ರಮ ಮಾಡಿತು. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಇದಕ್ಕೆ ಇಟ್ಟಿದ್ದು 65 ಲಕ್ಷ ರೂಪಾಯಿ. 1965ರಲ್ಲಿ ವಂಕಿ ಬಂತು. ಲಿಪ್ಪೀಸ್ ಲೂಪ್ ಅನ್ನೋ ಪ್ಲಾಸ್ಟಿಕ್ ಸಾಧನಕ್ಕೆ ಕನ್ನಡದಲ್ಲಿಟ್ಟ ಹೆಸರು ಅದು. ತೋಳಿಗೆ ಹಾಕೋ ಒಡವೆಯ ಹೆಸರನ್ನ ಇದಕ್ಕೆ ಇಟ್ಟವರು ಯಾರೋ, ರಸಿಕರೇ ಇರಬೇಕು. 1968ರಲ್ಲಿ ನಿರೋಧ್ ಬಂತು. ಗೋಡೆಗಳ ಮೇಲೆ ಕೆಂಪು ತ್ರಿಕೋನ, "ಆರತಿಗೊಬ್ಬಳು ಕೀರ್ತಿಗೊಬ್ಬ" ಅನ್ನೋ ಬರಹ ಬಂದವು.

ಸರ್ಕಾರದ ಭಾಷೆಯಲ್ಲಿ ಇದಕ್ಕೆ 'ಕೆಫೆಟೇರಿಯಾ' ನೀತಿ ಅಂತ ಹೆಸರು. ನಿಜವಾಗಿ! ಎಲ್ಲ ವಿಧಾನಗಳನ್ನೂ ಮುಂದಿಡೋದು, ಬೇಕಾದ್ದನ್ನ ಅವರೇ ಆರಿಸಿಕೊಳ್ಳಲಿ ಅಂತ. ಆದರೆ ಜೊತೆಗೇ ಟಾರ್ಗೆಟ್ ಕೂಡ ಇತ್ತು. ಈ ವರ್ಷ ಇಷ್ಟು ಆಪರೇಷನ್ ಆಗಬೇಕು ಅಂತ ಮೇಲಿಂದ ಲೆಕ್ಕ ಬರೋದು. ಡೆಡ್‌ಲೈನ್ ಹತ್ತಿರ ಬಂದಾಗ ನಾವು ಸಾಫ್ಟ್‌ವೇರ್ ಜನ ಏನು ಮಾಡ್ತೀವೋ ಅದನ್ನೇ ಅವರೂ ಮಾಡಿದರು, ಯಾವುದು ಎಣಿಸೋಕೆ ಸುಲಭವೋ ಅದನ್ನ ಮಾಡಿ ಮುಗಿಸಿದರು. ನಿರೋಧ್ ಕೊಟ್ಟರೆ ಬಳಸಿದರೋ ಬಲೂನು ಊದಿದರೋ ಗೊತ್ತಾಗಲ್ಲ. ಆಪರೇಷನ್ ಆದರೆ ಒಂದು ಅಂದರೆ ಒಂದು. ದರ್ಶಿನಿ ಬೋರ್ಡ್ ತುಂಬಾ ಇಪ್ಪತ್ತು ತಿಂಡಿ ಬರೆದಿರುತ್ತೆ, ಕೌಂಟರಿನಲ್ಲಿ ಕೇಳಿದರೆ "ಇಡ್ಲಿ ಮಾತ್ರ ಇದೆ ಸಾರ್" ಅಂತಾನಲ್ಲ, ಹಾಗಾಯ್ತು.

ಆಗಿನ ಆಪರೇಷನ್ ಹೆಚ್ಚಾಗಿ ಗಂಡಸರದ್ದು ಅನ್ನೋದು ಇಲ್ಲಿ ಮುಖ್ಯ. ವ್ಯಾಸೆಕ್ಟಮಿ ಸಣ್ಣದು, ಬೇಗ ಮುಗಿಯುತ್ತೆ, ಹೊಟ್ಟೆ ಕೊಯ್ಯೋ ಹಂಗಿಲ್ಲ. ಆಮೇಲೆ ತುರ್ತುಪರಿಸ್ಥಿತಿ ಬಂತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು, ಅದರಲ್ಲಿ ಸುಮಾರು ಮುಕ್ಕಾಲು ಪಾಲು ಗಂಡಸರದ್ದು. ಉತ್ತರದಲ್ಲಿ ಜನರನ್ನ ಹಿಡಿದು ಎಳೆದೊಯ್ದ ಕತೆಗಳು ನಿಮಗೆ ಗೊತ್ತೇ ಇವೆ. ನಮ್ಮ ಕಡೆ ಅಷ್ಟು ಘೋರ ಆಗಲಿಲ್ಲ ಅಂತಾರೆ. 1977ರ ಚುನಾವಣೆಯಲ್ಲಿ ಉತ್ತರದಲ್ಲಿ ಕಾಂಗ್ರೆಸ್ ಕೊಚ್ಚಿ ಹೋದರೂ ಕರ್ನಾಟಕದಲ್ಲಿ 28ರಲ್ಲಿ 26 ಸೀಟು ಗೆದ್ದಿತ್ತು. ಆದರೂ ಭಯ ಎಲ್ಲ ಕಡೆ ಇತ್ತು. ನಮ್ಮಜ್ಜಿ ಈಗಲೂ ಹೇಳ್ತಾಳೆ, ಜೀಪಿನ ಸದ್ದು ಕೇಳಿದರೆ ತಾತ ಕಬ್ಬಿನ ಗದ್ದೆಗೆ ಇಳಿದುಬಿಡ್ತಿದ್ದನಂತೆ. "ಒಂದಪ ಮಲೇರಿಯಾದೋರ ಜೀಪು ಕಣ್ಲಾ ಅದು, ಇವ್ನು ಹೊತ್ತು ಮುಳುಗೋಗಂಟ ಬರ್ಲೇ ಇಲ್ಲ" ಅಂತ ನಗ್ತಾಳೆ.

ಆ ಭಯದ ಬೆಲೆ ಕಟ್ಟಿದ್ದು ಹೆಂಗಸರು. ಮುಂದಿನ ವರ್ಷ ಒಟ್ಟು ಆಪರೇಷನ್‌ಗಳು ಹತ್ತು ಲಕ್ಷದ ಒಳಗೆ ಇಳಿದವು. ಕುಟುಂಬ ಯೋಜನೆ ಅನ್ನೋ ಹೆಸರೇ 'ಕುಟುಂಬ ಕಲ್ಯಾಣ' ಆಯ್ತು. ಗಂಡಸರನ್ನ ಮುಟ್ಟೋಕೆ ಯಾವ ಸರ್ಕಾರಕ್ಕೂ ಧೈರ್ಯ ಬರಲಿಲ್ಲ. 1980ರ ದಶಕದಲ್ಲಿ ಲ್ಯಾಪ್ರೋಸ್ಕೋಪ್ ಬಂತು, ಕ್ಯಾಂಪುಗಳು ಬಂದವು. ಹೆಂಗಸರು ಸಾಲಾಗಿ ಮಲಗಿದರು. ಟಾರ್ಗೆಟ್ಟುಗಳನ್ನ ಕಾಗದದ ಮೇಲೆ ತೆಗೆದಿದ್ದು 1996ರಲ್ಲಿ. 2014ರಲ್ಲಿ ಛತ್ತೀಸಗಢದ ಬಿಲಾಸಪುರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿ ಹನ್ನೆರಡಕ್ಕೂ ಹೆಚ್ಚು ಜನ ಸತ್ತ ಮೇಲೆ, 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಕ್ಯಾಂಪುಗಳನ್ನ ಮೂರು ವರ್ಷದೊಳಗೆ ನಿಲ್ಲಿಸಿ ಅಂತ ಹೇಳಬೇಕಾಯ್ತು.

ಈಗಿನ ಲೆಕ್ಕ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ಶೇ. 57ರಷ್ಟು ಜನ ಆಪರೇಷನ್ ಮಾಡಿಸಿಕೊಂಡವರು. ದೇಶದ ಸರಾಸರಿ ಸುಮಾರು ಶೇ. 38. ಗಂಡಸರ ಆಪರೇಷನ್? ಕರ್ನಾಟಕದ ಪಟ್ಟಿಯಲ್ಲಿ ಸೊನ್ನೆ ಬಿಂದು ಸೊನ್ನೆ. ಬಗ್ ಇರಬೇಕು ಅಂತ ಎರಡು ಸಲ ನೋಡಿದೆ. ಬಗ್ ಅಲ್ಲ.

ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳ ಸಂಖ್ಯೆ ನಮ್ಮ ರಾಜ್ಯದಲ್ಲಿ 1.7ಕ್ಕೆ ಇಳಿದಿದೆ. ಜನಸಂಖ್ಯೆಯ ಗುಮ್ಮ ನಮ್ಮನ್ನ ಬಿಟ್ಟು ಹೋಗಿ ಎಷ್ಟೋ ವರ್ಷ ಆಯ್ತು. ಚಿಕ್ಕ ಸಂಸಾರ ಆಯ್ತು, ಆದರೆ ತೀರ್ಮಾನ ಯಾರದ್ದು ಅನ್ನೋದು ಬದಲಾಗಲಿಲ್ಲ. ಎರಡೇ ಅಂತಾದರೆ ಅದರಲ್ಲೊಂದು ಗಂಡಾಗಲೇಬೇಕು ಅನ್ನೋರು ಇದ್ದೇ ಇದ್ದಾರೆ. 2023ರಲ್ಲಿ ನಮ್ಮ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ನೋಡೋ ಸ್ಕ್ಯಾನಿಂಗ್ ದಂಧೆ ಸಿಕ್ಕಿಬಿತ್ತಲ್ಲ. ಬೆಲ್ಲ ಬೇಯೋ ಜಾಗದಲ್ಲಿ! ಆ ಸುದ್ದಿ ಓದಿದ ದಿನ ಆಫೀಸಿನಲ್ಲಿ ಊರಿನ ಹೆಸರು ಹೇಳೋಕೆ ನಾಚಿಕೆ ಆಗಿತ್ತು.

ತಂಗಿ ಹೇಳಿದ್ದು

ಇದನ್ನೆಲ್ಲ ಓದಿ ತಂಗಿಗೆ ಫೋನ್ ಮಾಡಿದೆ. ಅಣ್ಣ-ತಂಗಿ ಮಾತಾಡೋ ವಿಷಯ ಅಲ್ಲ ಇದು, ಗೊತ್ತು. ಹೆಂಡತಿಯೂ ಪಕ್ಕದಲ್ಲಿದ್ದಳು, ಅದಕ್ಕೇ ಸಾಧ್ಯ ಆಯ್ತು. "ಆಪರೇಷನ್ ಮುಂಚೆ ನಿಂಗೆ ಬೇರೆ ವಿಧಾನ ಇದೆ ಅಂತ ಯಾರಾದ್ರೂ ಹೇಳಿದ್ರಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹೆರಿಗೆ ಆದ ದಿನ್ವೇ ಒಂದ್ ಕಾಗ್ದ ತಂದು ಸೈನ್ ಹಾಕು ಅಂದ್ರು. ಅತ್ತೆ ಹೂಂ ಅಂತ ಮೊದ್ಲೇ ಹೇಳಿದ್ರಂತೆ. ನನ್ನ ಯಾರು ಕೇಳುದ್ರಣ್ಣ? ಬ್ಯಾಡ ಅಂತಿದ್ನೋ ಏನೋ, ಗೊತ್ತಿಲ್ಲ. ಹೂಂ ಅನ್ನುತ್ತಿದ್ದೆ ಅನ್ಸುತ್ತೆ. ಆದ್ರೆ ಕೇಳ್ಬೇಕಾಗಿತ್ತು."

ನಿಯಮ ಏನು ಹೇಳುತ್ತೆ ಅಂತ ಆಮೇಲೆ ನೋಡಿದೆ. ಬೇಕಾಗಿರೋದು ಆಪರೇಷನ್ ಮಾಡಿಸಿಕೊಳ್ಳೋರ ಒಪ್ಪಿಗೆ ಮಾತ್ರ. ಗಂಡನದ್ದೂ ಬೇಡ, ಅತ್ತೆಯದ್ದೂ ಬೇಡ. ಬೇರೆ ವಿಧಾನಗಳನ್ನ ತಿಳಿಸಿ ಹೇಳಿದ ಮೇಲೇ ಆ ಕಾಗದ ಮುಂದಿಡಬೇಕು.

ಬೇರೆ ವಿಧಾನಗಳು ಈಗ ನಿಜಕ್ಕೂ ಇವೆ. ಕಾಪರ್-ಟಿ ಇದೆ. ಐದು ವರ್ಷದ್ದು ಒಂದು, ಹತ್ತು ವರ್ಷದ್ದು ಒಂದು. ಬೇಡ ಅಂದಾಗ ತೆಗೆಸಬಹುದು. ಲಕ್ನೋದ ಲ್ಯಾಬಿನಲ್ಲಿ ಕಂಡುಹಿಡಿದ, ಹಾರ್ಮೋನ್ ಇಲ್ಲದ 'ಛಾಯಾ' ಮಾತ್ರೆ ಇದೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಮೂರು ತಿಂಗಳಿಗೊಮ್ಮೆ ತಗೊಳ್ಳೋ 'ಅಂತರಾ' ಇಂಜೆಕ್ಷನ್ ಇದೆ. ದಿನದ ಮಾತ್ರೆ, ಕಾಂಡೋಮ್ ಇದ್ದೇ ಇವೆ. ರಾಮನಗರದ ಮಣಿಸರವೂ ಹೊಸ ರೂಪದಲ್ಲಿ ಬಂದಿದೆ! ಅಮೆರಿಕದ ಜಾರ್ಜ್‌ಟೌನ್ ಯೂನಿವರ್ಸಿಟಿಯವರು ಮಾಡಿದ 32 ಮಣಿಗಳ ಸರ. ಬಿಳಿ ಮಣಿಯ ದಿನಗಳು, ಅಂದರೆ 8ರಿಂದ 19ನೇ ದಿನ, ದೂರ ಇರಬೇಕು. ಆ ಬಿಳಿ ಮಣಿಗಳು ಕತ್ತಲಲ್ಲಿ ಹೊಳೆಯುತ್ತವೆ. ರಾಮನಗರದ ಹೆಂಗಸರ ದೂರು ಕೊನೆಗೂ ಯಾರಿಗೋ ಕೇಳಿಸಿತು ಅನ್ನಿ :) ಆದರೆ 26ರಿಂದ 32 ದಿನದೊಳಗೆ ತಪ್ಪದೆ ಮುಟ್ಟಾಗೋರಿಗೆ ಮಾತ್ರ ಅದು, ಗಂಡನ ಒಪ್ಪಿಗೆ ಆಗಲೂ ಬೇಕು, ಈಗಲೂ ಬೇಕು.

ಪ್ರತಿಯೊಂದಕ್ಕೂ ಒಂದೊಂದು ಕಷ್ಟ ಇದೆ. ಕಾಪರ್-ಟಿ ಕೆಲವರಿಗೆ ಮುಟ್ಟಿನಲ್ಲಿ ರಕ್ತ ಹೆಚ್ಚು ಮಾಡುತ್ತೆ, ಇಂಜೆಕ್ಷನ್ ಮುಟ್ಟನ್ನೇ ಏರುಪೇರು ಮಾಡುತ್ತೆ. ಯಾರಿಗೆ ಯಾವುದು ಅಂತ ಡಾಕ್ಟರ ಹತ್ತಿರ ಕೂತು ಮಾತಾಡಿಯೇ ತಿಳ್ಕೋಬೇಕು.

ನಾವಿಬ್ಬರೂ ಹೋಗಿ ಕೂತೆವು. ಡಾಕ್ಟರಮ್ಮ ನನ್ನ ಕಡೆ ನೋಡದೆ ಅವಳ ಹತ್ತಿರವೇ ಅರ್ಧ ಗಂಟೆ ಮಾತಾಡಿದರು. ಅವಳು ಯಾವುದನ್ನ ಆರಿಸಿಕೊಂಡಳು ಅಂತ ಇಲ್ಲಿ ಬರೆಯಲ್ಲ, ಅದು ಅವಳ ವಿಷಯ. ನನ್ನ ವಿಷಯ ಮಾತ್ರ ಬರೀತೀನಿ. ಎರಡನೇ ಮಗು ಆದ ಮೇಲೆ ಆಪರೇಷನ್ ಅಂತ ಆದರೆ ನಾನು ಮಾಡಿಸ್ಕೋತೀನಿ ಅಂತ ಹೇಳಿದೀನಿ. ಈಗ ಬ್ಲೇಡೂ ಬೇಡ, ಹೊಲಿಗೆಯೂ ಬೇಡ, ಸ್ವಲ್ಪ ಹೊತ್ತಿನ ಕೆಲಸ. ಆಮೇಲೆ ಮೂರು ತಿಂಗಳು ಬೇರೆ ವಿಧಾನ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದರೆ ಆಯ್ತು.

ಅವ್ವನಿಗೆ ಫೋನಿನಲ್ಲಿ ಹೇಳಿದೆ. "ದುಡಿಯೋ ಗಂಡ್ಸು ಕಣ್ಲಾ ನೀನು! ಸೊಂಟ ಬಿದ್ದೋದ್ರೆ?" ಅಂದ್ಲು.

"ಅವ್ವ, ನೀನು ಆಪರೇಷನ್ ಆಗಿ ಎಷ್ಟ್ ದಿನಕ್ಕೆ ಗದ್ದೆಗೆ ಹೋದೆ?" ಅಂತ ಕೇಳಿದೆ.

ಸುಮಾರು ಹೊತ್ತು ಮಾತೇ ಬರಲಿಲ್ಲ. ಆಮೇಲೆ, "ಹದಿನೈದ್ ದಿನಕ್ಕೆ ನಾಟಿ ಇತ್ತಲ್ಲ" ಅಂದ್ಲು. ಆಮೇಲೆ ಮಗು ಊಟ ಮಾಡ್ತಾ ಅಂತ ಮಾತು ಬದಲಾಯಿಸಿದ್ಲು.

ನಿಮ್ಮ ಮನೆಗಳಲ್ಲಿ ಈ ಮಾತು ಹೇಗೆ ನಡೆಯುತ್ತೆ? ನಡೆಯುತ್ತಾ? ಬರೀರಿ. ಗಂಡಸರು ಸ್ವಲ್ಪ ಜಾಸ್ತಿ ಬರೀರಿ.